ಮೊಣಕೈ ಬಳಿಯ ಮೂಳೆಗಡ್ಡೆ: ಕೈ ಉಳಿಸುವ ಕೀಲು ಬದಲಾವಣೆ

ಶರಣರು ಕಾಯಕಕ್ಕೆ ಕೊಟ್ಟ ಹಿರಿಮೆಯನ್ನು ನಾವೆಲ್ಲರೂ ಬಲ್ಲೆವು. ಕಾಯಕಕ್ಕೆ ಕೈ ಬೇಕು. ಕೈ ದುಡಿಯಬೇಕಾದರೆ ಮೊಣಕೈ ಮಡಿಯಬೇಕು. ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ದೃಷ್ಟಿ ನೆಡುವುದಕ್ಕೂ ತುತ್ತನ್ನು ಬಾಯಿಗೆ ತರುವುದಕ್ಕೂ ಈ ಕೀಲೇ ಆಧಾರ. ಇಲ್ಲಿ ಮೂಳೆಗಡ್ಡೆ ಬೆಳೆದರೆ ಕೈಯನ್ನೇ ಕತ್ತರಿಸುವರೆಂಬ ಭಯದಿಂದ ಹಲವರು ಆಸ್ಪತ್ರೆಗೆ ಹೋಗಲು ಹಿಂಜರಿಯುತ್ತಾರೆ. ಆದರೆ ಸಕಾಲದಲ್ಲಿ ಬಂದ ಹೆಚ್ಚಿನವರ ಕೈಯನ್ನು ಇಂದು ಉಳಿಸಬಹುದಾಗಿದೆ.

ಲಕ್ಷಣಗಳು

ಮೊಣಕೈ ಬಳಿ ಮೂಳೆಗಡ್ಡೆ ಅಪರೂಪ. 10ರಿಂದ 20 ವರ್ಷದವರಲ್ಲಿ ಆಸ್ಟಿಯೋಸಾರ್ಕೋಮಾ ಎಂಬ ಕ್ಯಾನ್ಸರ್, 20ರಿಂದ 40ರ ವಯಸ್ಸಿನಲ್ಲಿ ಮೂಳೆಯನ್ನು ಸವೆಸುವ ಜೈಂಟ್ ಸೆಲ್ ಗಡ್ಡೆ ಹೆಚ್ಚಾಗಿ ಕಾಣುತ್ತವೆ. ಎರಡನೆಯದು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ವಯಸ್ಸಾದವರಲ್ಲಿ ಸ್ತನ, ಶ್ವಾಸಕೋಶ, ಮೂತ್ರಪಿಂಡಗಳ ಕ್ಯಾನ್ಸರ್ ಮೂಳೆಗೆ ಹರಡಿರಬಹುದು. ರಾತ್ರಿ ಹೆಚ್ಚುವ ನೋವು, ದಿನದಿಂದ ದಿನಕ್ಕೆ ಬೆಳೆಯುವ ಬಾವು, ಕೈ ಮಡಿಸಲಾಗದಿರುವುದು, ಸಣ್ಣ ಪೆಟ್ಟಿಗೇ ಮೂಳೆ ಮುರಿಯುವುದು ಎಚ್ಚರಿಕೆಯ ಗುರುತುಗಳು.

ಮಾಡಬಾರದ್ದು

ಇಂತಹ ಬಾವನ್ನು ಉಳುಕೆಂದು ಬಗೆದು ಎಣ್ಣೆ ಹಚ್ಚಿ ನೀವುವುದು, ಬಿಗಿಯಾಗಿ ಪಟ್ಟು ಕಟ್ಟಿಸುವುದು ಸಲ್ಲದು. ಅದರಿಂದ ಸವೆದ ಮೂಳೆ ಮುರಿಯಬಹುದು. ಗಡ್ಡೆಯ ಕಣಗಳು ಸುತ್ತಲ ಮಾಂಸಕ್ಕೆ ಹರಡಬಹುದು. ಎರಡು ವಾರಗಳಲ್ಲಿ ಇಳಿಯದ ಬಾವಿಗೆ ಎಕ್ಸ್-ರೇ ಮಾಡಿಸಲೇಬೇಕು. ಗಡ್ಡೆಯ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯನ್ನು ಮುಂದೆ ಶಸ್ತ್ರಚಿಕಿತ್ಸೆ ಮಾಡುವ ತಜ್ಞರಲ್ಲಿಯೇ ಮಾಡಿಸುವುದು ಲೇಸು. ಸೂಜಿ ಹೋದ ದಾರಿಯನ್ನೂ ಗಡ್ಡೆಯೊಡನೆ ತೆಗೆಯಬೇಕಾಗುವುದರಿಂದ, ತಪ್ಪು ಜಾಗದ ಬಯಾಪ್ಸಿ ಕೈಗೇ ಕುತ್ತಾಗಬಹುದು.

ಶಸ್ತ್ರಚಿಕಿತ್ಸೆ

ಎಂ.ಆರ್.ಐ.ಯಿಂದ ಗಡ್ಡೆಯ ವಿಸ್ತಾರವನ್ನೂ ಸಿ.ಟಿ.ಯಿಂದ ಶ್ವಾಸಕೋಶವನ್ನೂ ಪರೀಕ್ಷಿಸುತ್ತಾರೆ. ಆಸ್ಟಿಯೋಸಾರ್ಕೋಮಾ ಆಗಿದ್ದರೆ ಸಾಮಾನ್ಯವಾಗಿ ಮೊದಲು ಎರಡು ಮೂರು ತಿಂಗಳು ಕೀಮೋಥೆರಪಿ ನಡೆಯುತ್ತದೆ. ಅನಂತರ ಗಡ್ಡೆಯನ್ನು ಸುತ್ತಲ ಆರೋಗ್ಯವಂತ ಪದರದೊಡನೆ ಇಡಿಯಾಗಿ ತೆಗೆದು, ಹೋದ ಮೂಳೆ ಮತ್ತು ಕೀಲಿನ ಸ್ಥಾನದಲ್ಲಿ ಬಾಗಿಲ ತಿರುಗಣೆಯಂತೆ ಮಡಿಯುವ ಲೋಹದ ಕೀಲನ್ನು ಕೂರಿಸುತ್ತಾರೆ. ಬೆರಳುಗಳನ್ನು ಆಡಿಸುವ ನರಗಳು ಇಲ್ಲಿಯೇ ಹಾದುಹೋಗುವುದರಿಂದ ಅವನ್ನು ಕಾಪಾಡುವುದೇ ಕಠಿಣ ಕೆಲಸ. ಗಡ್ಡೆ ಮುಖ್ಯ ನರಗಳನ್ನೂ ರಕ್ತನಾಳವನ್ನೂ ಸುತ್ತುವರಿದಿದ್ದರೆ ಕೈ ತೆಗೆಯುವುದು ಅನಿವಾರ್ಯವಾಗಬಹುದು. ತಡಮಾಡಬಾರದೆನ್ನುವುದು ಇದಕ್ಕಾಗಿಯೇ.

ಅನಂತರದ ಬಾಳು

ಉಣ್ಣಲು, ಬರೆಯಲು, ಪೂಜೆ ಮಾಡಲು ಈ ಕೈ ಒದಗುತ್ತದೆ, ಭಾರಕ್ಕೆ ಒದಗದು. ಒಮ್ಮೆಗೆ 5 ಕಿಲೋಗಿಂತ, ಪದೇ ಪದೇ 1 ಕಿಲೋಗಿಂತ ಹೆಚ್ಚು ಎತ್ತಬಾರದೆಂಬುದು ವೈದ್ಯರ ಸಾಮಾನ್ಯ ಸೂಚನೆ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರುಗಳ ತೆಂಗು ಅಡಿಕೆ ತೋಟಗಳಲ್ಲಿ ದುಡಿಯುವವರು ಮರ ಹತ್ತುವುದನ್ನೂ ಹಾರೆ ಹಿಡಿಯುವುದನ್ನೂ ಬಿಡಬೇಕಾಗುತ್ತದೆ. ಕಾಯಕ ನಿಲ್ಲದು, ಅದರ ಬಗೆ ಬದಲಾಗುತ್ತದೆ. ಮನೆಯವರು ಇದಕ್ಕೆ ಹೊಂದಿಕೊಡಬೇಕು. ವರ್ಷಗಳು ಕಳೆದಂತೆ ಕೀಲು ಸಡಿಲವಾಗಬಹುದು. ಜ್ವರ, ಕೆಂಪು, ಕೀವು ಕಂಡರೆ ಕೂಡಲೇ ವೈದ್ಯರಿಗೆ ತೋರಿಸಬೇಕು.

ನೆರವು

ಮೊದಲು ತಾಲ್ಲೂಕು ಆಸ್ಪತ್ರೆಗೆ ಅಥವಾ ಚಿತ್ರದುರ್ಗದ ಜಿಲ್ಲಾಸ್ಪತ್ರೆಗೆ ಹೋಗಿ, ಅಲ್ಲಿಂದ ಶಿಫಾರಸು ಪತ್ರ ಪಡೆಯಬೇಕು. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಕ್ಯಾನ್ಸರಿಗಾಗಿಯೇ ಇರುವ ಸರ್ಕಾರಿ ಸಂಸ್ಥೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಕೃತಕ ಕೀಲಿನ ವೆಚ್ಚ ಅದರಲ್ಲಿ ಎಷ್ಟು ಸೇರುತ್ತದೆಂಬುದನ್ನು ಆರೋಗ್ಯಮಿತ್ರರಲ್ಲಿ ಮೊದಲೇ ಕೇಳಿ ತಿಳಿಯಬೇಕು.

ಸದ್ಭಕ್ತರು ತಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಇಂತಹ ಬಾವು ಕಂಡರೆ ನೀವಿಸದೆ, ಎಕ್ಸ್-ರೇಗೆ ಕರೆದೊಯ್ಯಬೇಕೆಂದು ನಾವು ಕೋರುತ್ತೇವೆ.