ಮರಳಿ ಬಂದ ಹಕ್ಕು: ಸಮಿತಿ ದೊಡ್ಡದೋ, ಸಭೆ ದೊಡ್ಡದೋ?



ಸಮುದಾಯಕ್ಕೆ ನೆಲದ ಹಕ್ಕು ಮರಳಿದರೆ ಸಾಲದು. ಅದನ್ನು ನಡೆಸುವವರು ಯಾರೆಂಬುದೂ ತಿಳಿದಿರಬೇಕು. ಇಲ್ಲವಾದರೆ ಹೊರಗಿನ ವ್ಯಾಜ್ಯ ಮುಗಿದು ಒಳಗಿನ ಜಗಳ ಹುಟ್ಟುತ್ತದೆ.

ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಫಿಯನ್ನೂ ಬೆಳೆಯುವ ಸೋಲಿಗರಿಗೆ, 2006ರ ಅರಣ್ಯ ಹಕ್ಕು ಕಾಯ್ದೆಯನ್ವಯ 2011ರಲ್ಲಿ ಸಮುದಾಯ ಹಕ್ಕುಪತ್ರಗಳು ದೊರೆತವು. ಈ ಕಾಯ್ದೆಯಲ್ಲಿ ಗ್ರಾಮಸಭೆಯೇ ಮೇಲು. ಕಾಡು ಕಾಯುವ ಸಮಿತಿಯನ್ನು ರಚಿಸುವುದು ಅದೇ. ಉತ್ಪನ್ನ ಮಾರಿ ಬಂದ ಹಣದ ಬಳಕೆಗೆ ಸಮಿತಿಯ ತೀರ್ಮಾನವೊಂದೇ ಸಾಲದು, ಸಭೆಯ ಒಪ್ಪಿಗೆ ಬೇಕೆಂದು 2012ರ ತಿದ್ದುಪಡಿ ನಿಯಮಗಳು ಹೇಳುತ್ತವೆ. ಸಭೆಗೆ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಬರಬೇಕು. ಬಂದವರಲ್ಲಿ ಮೂರನೇ ಒಂದು ಪಾಲಾದರೂ ಮಹಿಳೆಯರಿರಬೇಕು.

ಆವತಿಯ ನಮಗೂ, ನಮ್ಮ ಸಂಘಕ್ಕೂ ಇದು ಪಾಠವೇ. ಲೆಕ್ಕವನ್ನು ಸಭೆಯಲ್ಲಿ ಓದಿಸೋಣ, ನಡವಳಿ ಪುಸ್ತಕದಲ್ಲಿ ಬರೆಸೋಣ. ಸಭೆಗೆ ಹೋಗದೆ ಆಮೇಲೆ ಜಗಲಿಯಲ್ಲಿ ಕುಳಿತು ಅಧ್ಯಕ್ಷರನ್ನು ದೂರಿದರೆ ಫಲವಿಲ್ಲ.