ಹೇಳದೆ ಬರುವವರಿಗೆ ಅಡುಗೆಮನೆಯಲ್ಲಿ ಏನಿರಬೇಕು

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಮಧ್ಯಾಹ್ನವಾದರೆ ಭಕ್ತರು ಜೋಳಿಗೆ ಹಿಡಿದು ಮಧುಕರಿಗೆ ಹೊರಡುತ್ತಾರೆ. ಆ ಹೊತ್ತಿಗೆ ದತ್ತಾತ್ರೇಯನೇ ಯಾವುದೋ ಒಂದು ರೂಪದಲ್ಲಿ ಭಿಕ್ಷೆಗೆ ಬರುತ್ತಾನೆ ಎಂಬುದು ಊರಿನ ನಂಬಿಕೆ. ಹಾಗಾಗಿ ಬಾಗಿಲಿಗೆ ಬಂದವರು ಯಾರು, ಎಷ್ಟು ಮಂದಿ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ದಾಸೋಹದಿಂದಲೇ ಹೆಸರಾದವರು. ಆಳಂದದ ಲಾಡ್ಲೆ ಮಶಾಕ ದರ್ಗಾಕ್ಕೆ ಬಂದವರು ಊರೊಳಗೆ ಪರಿಚಯದವರಿದ್ದರೆ ಹಾಗೇ ಹೋಗುವುದಿಲ್ಲ. ಈ ಮೂರು ತಾಲ್ಲೂಕುಗಳಲ್ಲಿ ಮನೆ ಹೂಡಿದ ಮೇಲೆ, ಹೇಳದೆ ಬರುವ ಅತಿಥಿ ಬಂದೇ ಬರುತ್ತಾರೆ.

ವರ್ಗವಾಗಿ ಬಂದ ಮಾಸ್ತರರಿಗೆ, ಬ್ಯಾಂಕಿನವರಿಗೆ, ಹೊಸದಾಗಿ ಸಂಸಾರ ಮಾಡುವವರಿಗೆ ಇದು ಮೊದಮೊದಲು ಗಾಬರಿ ಹುಟ್ಟಿಸುತ್ತದೆ. ಅಂಗಡಿಗೆ ಓಡಿ ಬಿಸ್ಕತ್ತು, ಚಿಪ್ಸು, ದಿಢೀರ್ ಅಡುಗೆಯ ಪೊಟ್ಟಣ ತಂದು ಕಪಾಟು ತುಂಬುತ್ತಾರೆ. ಅವು ಅಲ್ಲೇ ಕೂತು ಹಳಸುತ್ತವೆ. ನಾನು ಹೇಳಿಕೊಡುವ ಮೊದಲ ಪಾಠ ಇಷ್ಟೇ: ಅತಿಥಿಗೆಂದು ಬೇರೆ ಸಾಮಾನು ಇಡಬೇಡಿ. ಮನೆಯವರು ದಿನಾ ಉಣ್ಣುವುದನ್ನೇ ಸ್ವಲ್ಪ ಹೆಚ್ಚಿಗೆ ಇಡಿ. ಆಗ ಹಳೆಯದು ಖರ್ಚಾಗುತ್ತದೆ, ಹೊಸದು ಡಬ್ಬಿ ಸೇರುತ್ತದೆ.

ಈ ನೆಲದ ಊಟಕ್ಕೆ ಆ ಗುಣ ಮೊದಲಿನಿಂದಲೂ ಇದೆ. ಖಡಕ್ ರೊಟ್ಟಿಯನ್ನೇ ನೋಡಿ. ಬಿಳಿಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತುತ್ತ, ಅಥವಾ ಒಲೆಯ ಸುತ್ತ ಒರಗಿಸಿಟ್ಟು, ಒಳಗಿನ ತೇವವೆಲ್ಲ ಆರುವವರೆಗೆ ಕಾಯಬೇಕು. ತೇವವಿಲ್ಲದ ಕಡೆ ಬೂಸು ಬೆಳೆಯದು. ರೊಟ್ಟಿ ವಾರಗಟ್ಟಲೆ ಉಳಿಯುವುದರ ಗುಟ್ಟು ಇಷ್ಟೇ. ಹೊಸಬರು ಎಡವುವುದು ಕೊನೆಯ ಹಂತದಲ್ಲಿ. ರೊಟ್ಟಿ ಇನ್ನೂ ಬೆಚ್ಚಗಿರುವಾಗಲೇ ಡಬ್ಬಿಗೆ ಹಾಕಿ ಮುಚ್ಚಿದರೆ ಒಳಗೆ ಬೆವರಿ ಮೆತ್ತಗಾಗುತ್ತದೆ. ಪೂರ್ತಿ ತಣ್ಣಗಾಗಲಿ, ಆಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿ ಇಡಿ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಸ್ವಲ್ಪ ಮೆತ್ತಗಾದರೂ ಚಿಂತೆಯಿಲ್ಲ, ಬಿಸಿ ಹಂಚಿನ ಮೇಲೆ ಒಂದು ನಿಮಿಷ ಇಟ್ಟರೆ ಮತ್ತೆ ಕಟುಮ್ ಎನ್ನುತ್ತದೆ. ಬಡಿಯಲು ಬಾರದವರು ಕೊಂಡು ತನ್ನಿ. ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಇಲ್ಲಿ ಊರೂರಿಗೂ ಇದ್ದಾರೆ. ಎಳ್ಳಮಾವಾಸ್ಯೆಯ ಮುಂಚಿನ ದಿನಗಳಲ್ಲಂತೂ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮನೆಮನೆಯಲ್ಲೂ ರಾಶಿ ಬಿದ್ದಿರುತ್ತದೆ.

ರೊಟ್ಟಿಯ ಜೊತೆಗೆ ಹಿಂಡಿ. ಶೇಂಗಾ, ಅಗಸಿ, ಗುರೆಳ್ಳು ಮೂರೂ ಇದ್ದರೆ ಚೆಂದ, ಒಂದೇ ಎಂದರೆ ಶೇಂಗಾ ಸಾಕು. ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತೆಗೆದು, ಬೆಳ್ಳುಳ್ಳಿ, ಜೀರಿಗೆ, ಕೆಂಪುಖಾರ, ಉಪ್ಪು ಹಾಕಿ ಎಣ್ಣೆ ಬಿಡುವವರೆಗೆ ಕುಟ್ಟಬೇಕು. ಕಾಳುಗಳಲ್ಲಿ ಎಣ್ಣೆ ಇರುವುದರಿಂದ ಕುಟ್ಟಿದ ಮೇಲೆ ಗಾಳಿ ತಾಗಿ ಬೇಗ ಕಮಟು ಹಿಡಿಯುತ್ತವೆ, ಎಲ್ಲಕ್ಕಿಂತ ಬೇಗ ಅಗಸಿ. ಆದ್ದರಿಂದ ಕಾಳನ್ನು ಇಡಿಯಾಗಿ ಇಟ್ಟುಕೊಂಡು, ಹದಿನೈದು ದಿನಕ್ಕಾಗುವಷ್ಟು ಮಾತ್ರ ಕುಟ್ಟಿ. ಹಸಿ ಚಮಚ ಡಬ್ಬಿಯೊಳಗೆ ಹೋಗಕೂಡದು. ಜೋಳದ, ಸಜ್ಜೆಯ ಹಿಟ್ಟಿಗೂ ಇದೇ ಮಾತು. ಸಜ್ಜೆ ಹಿಟ್ಟು ಕೆಲವೇ ದಿನಕ್ಕೆ ಕಹಿಯಾಗುತ್ತದೆ, ಜೋಳದ ಹಿಟ್ಟು ಹಳತಾದರೆ ಜಿಗಿ ಕಳೆದುಕೊಂಡು ರೊಟ್ಟಿ ಹರಿಯುತ್ತದೆ. ಕಾಳು ಕೂಡಿಡಿ, ಹಿಟ್ಟು ಬೀಸಿಸುತ್ತಿರಿ.

ರೊಟ್ಟಿ, ಹಿಂಡಿ ಎರಡೂ ತಣ್ಣನೆಯವು. ಬಿಸಿಯಾದದ್ದೊಂದು ಎಲೆಗೆ ಬೀಳಲೇಬೇಕು, ಇಲ್ಲದಿದ್ದರೆ ಮನೆಯವರಿಗೇ ಸಮಾಧಾನವಿಲ್ಲ. ಅದಕ್ಕೆ ಜುಣಕ. ನಾಲ್ಕು ಮಂದಿಗೆ ಒಂದು ಬಟ್ಟಲು ಕಡಲೆಹಿಟ್ಟನ್ನು ಒಂದು ಬಟ್ಟಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿಡಿ. ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಹೆಚ್ಚಿದ ಉಳ್ಳಾಗಡ್ಡಿ, ಅರಿಶಿನ ಹಾಕಿ ಬಾಡಿಸಿ. ಒಂದೂವರೆ ಬಟ್ಟಲು ನೀರು, ಉಪ್ಪು ಹಾಕಿ, ಕುದಿ ಬಂದ ಮೇಲೆ ಕಲಸಿದ ಹಿಟ್ಟನ್ನು ಸುರಿಯುತ್ತ ಕೈ ಬಿಡದೆ ತಿರುವಿ. ಮುಚ್ಚಿ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಬಿಟ್ಟರೆ ಹಸಿ ವಾಸನೆ ಹೋಗಿ ಅಂಚು ಬಿಡುತ್ತದೆ. ಬಂದವರು ಕೈಕಾಲು ತೊಳೆದು, ಮಳೆ ಬೆಳೆಯ ಮಾತು ಮುಗಿಸುವ ಹೊತ್ತಿಗೆ ಊಟ ತಯಾರು. ಊಟದ ಹೊತ್ತಲ್ಲವೇ? ಚುರುಮುರಿಯನ್ನು ನೀರಿನಲ್ಲಿ ಅದ್ದಿ ಕೂಡಲೇ ಹಿಂಡಿ, ಒಗ್ಗರಣೆ ಕೊಟ್ಟು, ಮೇಲೆ ಪುಟಾಣಿ ಪುಡಿ ಉದುರಿಸಿದರೆ ಸುಸಲಾ ಆಯಿತು. ಹಾಲು ತೀರಿದ ರಾತ್ರಿಗೆ ಹಾಲಿನಪುಡಿಯ ಒಂದು ಪೊಟ್ಟಣ ಇರಲಿ.

ತೊಗರಿಯ ನಾಡಿಗೆ ಬಂದವರಿಗೆ ಬೇಳೆಯಿಲ್ಲದೆ ಊಟ ಹಾಕುವುದು ಹೇಗೆ? ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ವರ್ಷದ ಬೇಳೆಯನ್ನು ಬಿಸಿಲಿಗೆ ಒಣಗಿಸಿ, ಕೈಗೆ ಹರಳೆಣ್ಣೆ ಸವರಿಕೊಂಡು ತಿಕ್ಕಿಟ್ಟರೆ ಹುಳ ಸುಲಭವಾಗಿ ಹತ್ತುವುದಿಲ್ಲ. ಆದರೆ ಬೇಳೆ ಬೇಯಲು ಹೊತ್ತು ಬೇಕು. ಫ್ರೀಜರಿನ ನಿಜವಾದ ಉಪಯೋಗ ನನಗೆ ಕಾಣುವುದು ಇಲ್ಲಿಯೇ. ಒಗ್ಗರಣೆ ಹಾಕದೆ ಗಟ್ಟಿಯಾಗಿ ಬೇಯಿಸಿದ ಬೇಳೆಯನ್ನು ಆರಿಸಿ, ಒಂದೊಂದು ಹೊತ್ತಿಗಾಗುವಷ್ಟು ಚಪ್ಪಟೆ ಡಬ್ಬಿಗಳಲ್ಲಿ ತುಂಬಿ, ಮೇಲೆ ದಿನಾಂಕ ಬರೆದಿಡಿ. ಡಬ್ಬಿ ತೆಳುವಾಗಿದ್ದಷ್ಟೂ ಬೇಗ ಕರಗುತ್ತದೆ. ಬಿಸಿನೀರು ಸೇರಿಸಿ ಕುದಿಸಿ ಒಗ್ಗರಣೆ ಕೊಟ್ಟರೆ ಅಂದೇ ಮಾಡಿದಂತಿರುತ್ತದೆ. ಹೋಳಿಗೆಯ ಹೂರಣ, ತುರಿದ ಕೊಬ್ಬರಿ, ಬಿಡಿಸಿದ ಹಸಿ ತೊಗರಿಕಾಳು ಕೂಡ ಚೆನ್ನಾಗಿ ಉಳಿಯುತ್ತವೆ. ಆಲೂಗಡ್ಡೆಯ ಪಲ್ಯ, ಮಜ್ಜಿಗೆ ಸಾರು ಇಡಬೇಡಿ: ಮೊದಲನೆಯದು ನೀರು ಬಿಡುತ್ತದೆ, ಎರಡನೆಯದು ಒಡೆಯುತ್ತದೆ.

ಬೇಸಿಗೆಯಲ್ಲಿ ಈ ಭಾಗದ ಬಿಸಿಲು 40 ಡಿಗ್ರಿ ದಾಟುತ್ತದೆ, ಕರೆಂಟೂ ಹೋಗುತ್ತದೆ. ಫ್ರೀಜರು 0 ಡಿಗ್ರಿಗಿಂತ 18 ಡಿಗ್ರಿ ಕೆಳಗೆ ಇರಬೇಕು. ಕರೆಂಟು ಹೋದಾಗ ಬಾಗಿಲು ತೆರೆಯದಿರಿ. ತುಂಬಿದ ಫ್ರೀಜರು ಅರ್ಧ ಖಾಲಿಯಿದ್ದುದಕ್ಕಿಂತ ಹೆಚ್ಚು ಹೊತ್ತು ತಂಪು ಹಿಡಿಯುತ್ತದೆ. ಒಂದು ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಅದರ ಮೇಲೆ ಒಂದು ನಾಣ್ಯ ಇಡಿ. ಊರಿಗೆ ಹೋಗಿ ಬಂದಾಗ ನಾಣ್ಯ ತಳ ಕಂಡಿದ್ದರೆ, ನೀವಿಲ್ಲದಾಗ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಆ ಬೇಳೆಯನ್ನು ಯಾರಿಗೂ ಬಡಿಸಬೇಡಿ.

ಎಲ್ಲವನ್ನೂ ಒಂದೇ ಸಲಕ್ಕೆ ಕೂಡಿಹಾಕಲು ಹೋಗಬೇಡಿ. ಈ ವಾರ ಹತ್ತು ಖಡಕ್ ರೊಟ್ಟಿ, ಒಂದು ಬಾಟಲಿ ಶೇಂಗಾ ಹಿಂಡಿ, ಅರ್ಧ ಕಿಲೋ ಕಡಲೆಹಿಟ್ಟು ಇಟ್ಟುಕೊಳ್ಳಿ. ಮನೆಗೆ ಬಂದವರನ್ನು "ಊಟ ಮಾಡ್ತೀರಾ?" ಎಂದು ಕೇಳಬೇಡಿ, ಸಂಕೋಚಕ್ಕೆ ಬೇಡವೆಂದೇ ಹೇಳುತ್ತಾರೆ. ಕುಡಿಯಲು ನೀರು ಕೊಟ್ಟು ಒಲೆ ಹಚ್ಚಿರಿ.