ಗುಳೆ ಹೋದರೂ ಸೂಜಿ ತಪ್ಪದಿರಲಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಎಳೆಗೂಸಿನ ಮನೆಯವರಿಗೆ ಒಂದು ಮಾತು. ಬೆಂಗಳೂರಿಗೆ ಗುಳೆ ಹೊರಟಾಗ ಹಾಸಿಗೆ, ಪಾತ್ರೆಯ ಗಂಟಿನಲ್ಲಿ ಕೂಸಿನ ಲಸಿಕೆ ಬರೆದಿಡುವ ತಾಯಿ ಕಾರ್ಡನ್ನೂ ಇಡಿ. ಸರ್ಕಾರಿ ಲಸಿಕೆಗೆ ಊರಿನ ಗಡಿ ಇಲ್ಲ. ಮುಂದಿನ ಡೋಸು ಅಲ್ಲಿನ ಆರೋಗ್ಯ ಕೇಂದ್ರದಲ್ಲೇ ಪುಕ್ಕಟೆ ಸಿಗುತ್ತದೆ.

ಹುಟ್ಟಿದ ಕೂಡಲೇ ಬಿಸಿಜಿ, ಪೋಲಿಯೊ ಹನಿ, 24 ಗಂಟೆಯೊಳಗೆ ಹೆಪಟೈಟಿಸ್ ಬಿ. ಆಮೇಲೆ 6, 10, 14ನೇ ವಾರದ ಡೋಸುಗಳು. 9 ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ, ಅದರ ಎರಡನೇ ಡೋಸು 16ರಿಂದ 24 ತಿಂಗಳೊಳಗೆ. ಜನ ಎಡವುವುದು ಇಲ್ಲೇ: ಕೂಸು ಓಡಾಡತೊಡಗಿತೆಂದರೆ ಸೂಜಿ ಮರೆತೇ ಹೋಗುತ್ತದೆ. ತಡವಾಯಿತೆಂದು ನಾಚಿಕೊಂಡು ಮನೆಯಲ್ಲಿ ಕೂರಬೇಡಿ. ಬಿಸಿಜಿಯಂಥ ಕೆಲವಕ್ಕೆ ಒಂದು ವರ್ಷದ ಗಡುವಿದೆ. ಉಳಿದದ್ದನ್ನು ನಿಂತಲ್ಲಿಂದಲೇ ಮುಂದುವರಿಸುತ್ತಾರೆ. ಸಣ್ಣ ನೆಗಡಿ ಅಡ್ಡಿಯಲ್ಲ.

ಸರ್ಕಾರದ ಲಸಿಕೆ ನೋಂದಣಿ ಜಾಲತಾಣ ಯು-ವಿನ್‌ನಲ್ಲಿ ಮೊಬೈಲ್ ನಂಬರ್ ಕೊಟ್ಟು ನೋಂದಾಯಿಸಿದರೆ ಹತ್ತಿರದ ಕೇಂದ್ರ, ದಿನ ಆರಿಸಿಕೊಳ್ಳಬಹುದು. ಆದರೂ ನಮ್ಮ ಕಡೆ ಆಶಾ ಅಕ್ಕನಿಗೆ ಮಾಡುವ ಒಂದು ಫೋನೇ ಬೇಗ ಕೆಲಸ ಮಾಡುತ್ತದೆ ಅನ್ನುವುದು ನನ್ನ ಅನಿಸಿಕೆ. ಮುಂಗಡ ನೋಂದಣಿ ಇಲ್ಲದಿದ್ದರೂ ಲಸಿಕೆಯ ದಿನ, ಸಾಮಾನ್ಯವಾಗಿ ಗುರುವಾರ, ನೇರವಾಗಿ ಹೋಗಿ. ಬೆಳಗ್ಗೆಯೇ ಹೋಗಿ: ದಡಾರ, ಬಿಸಿಜಿ ಮದ್ದನ್ನು ಕಲಸಿದ ಮೇಲೆ 4 ಗಂಟೆಯೊಳಗೆ ಮುಗಿಸಬೇಕು, ಮಿಕ್ಕಿದ್ದು ಚೆಲ್ಲುವುದೇ. ಒಂದೇ ಕೂಸಿಗಾಗಿ ಸಂಜೆ ಹೊಸ ಸೀಸೆ ಒಡೆಯಲು ಸಿಸ್ಟರ್ ಹಿಂದೆಮುಂದೆ ನೋಡಿದರೆ ಕಾರಣ ಇದು. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ.

ನಾಯಿ ಕಚ್ಚಿದರೆ ಮಾತ್ರ ಗುರುವಾರ, ಸರದಿ ಯಾವುದನ್ನೂ ಕಾಯಬೇಡಿ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅಂದೇ ರೇಬೀಸ್ ಲಸಿಕೆಗೆ ಸರ್ಕಾರಿ ಆಸ್ಪತ್ರೆಗೆ ಹೋಗಿ.